ಏಳು ಕೋಟಿಯ ಹೈಬ್ರಿಡ್ ಕಾರು, ಭಾನುವಾರ ಬೆಳಗಿನ ಡ್ರೈವ್

ಪ್ರಶ್ನೆ: ನನಗೆ 46 ವರ್ಷ, ಬೆಂಗಳೂರಿನಲ್ಲಿ ಸ್ವಂತ ಬಿಸಿನೆಸ್. ಕಾರು ಓಡಿಸುವುದೇ ನನ್ನ ಹುಚ್ಚು. ಹತ್ತು ವರ್ಷದಿಂದ ಮ್ಯಾನುಯಲ್ ಗೇರಿನ ಪೋರ್ಷೆ ಕೇಮನ್ ಇಟ್ಟುಕೊಂಡಿದ್ದೇನೆ. ಭಾನುವಾರ ಬೆಳಗ್ಗೆ ಐದಕ್ಕೆಲ್ಲ ಎದ್ದು ಸಕಲೇಶಪುರದ ಕಡೆ ಹೋಗಿ ಬರುತ್ತೇನೆ. ವರ್ಷಕ್ಕೆ ಎರಡು ಸಲ ಚೆನ್ನೈ ರೇಸ್ ಟ್ರ್ಯಾಕ್. ಈಗ ಕೇಮನ್ ಮಾರಿ ಫೆರಾರಿ 296 ಜಿಟಿಬಿ ತಗೊಳ್ಳೋಣ ಅಂತಿದ್ದೇನೆ. ಮೆಕ್‌ಲಾರೆನ್ ಆರ್ಟುರಾ ಕೂಡ ಮನಸ್ಸಿನಲ್ಲಿದೆ. ಗೆಳೆಯರು ‘ಹೈಬ್ರಿಡ್ ಅಂದ್ರೆ ಅರ್ಧ ಕಾರು, ಅರ್ಧ ಮಿಕ್ಸಿ, ಅದ್ರಲ್ಲೇನು ಮಜಾ?’ ಅಂತಾರೆ. ನಮ್ಮನೆಯವರು ‘ಕರೆಂಟಲ್ಲಿ 25 ಕಿಲೋಮೀಟರ್ ಓಡೋಕೆ ಇಷ್ಟು ದುಡ್ಡಾ?’ ಅಂತ ಕೇಳ್ತಾರೆ. ಡ್ರೈವಿಂಗ್ ಇಷ್ಟಪಡುವವನು ಈ ಕಾರು ಕೊಳ್ಳಬಹುದಾ?

ಉತ್ತರ: ನಿಮ್ಮ ಮನೆಯವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಗೆಳೆಯರ ಮಾತಿಗಿಂತ ಅದರಲ್ಲೇ ಹುರುಳು ಜಾಸ್ತಿ.

296 ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಎಲೆಕ್ಟ್ರಿಕ್ ಮೋಟರ್ ಇರುವ ಕಾರು. ಅದರ ಬ್ಯಾಟರಿ 7.45 ಕಿಲೋವ್ಯಾಟ್ ಅವರ್. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಏಳೂವರೆ ಯೂನಿಟ್. ಎರಡು ಕಿಲೋವ್ಯಾಟಿನ ಗೀಸರ್ ಆನ್ ಮಾಡಿ ಮರೆತು ಬಿಟ್ಟರೆ ನಾಲ್ಕು ಗಂಟೆಯೊಳಗೆ ಅಷ್ಟು ಕರೆಂಟ್ ಹೋಗುತ್ತದೆ. ಅಷ್ಟರಲ್ಲಿ ಕಾರು 25 ಕಿಲೋಮೀಟರ್ ಓಡುತ್ತದೆ ಎನ್ನುತ್ತದೆ ಫೆರಾರಿ. ಜಯನಗರದಲ್ಲಿ ಹೊರಟರೆ ಯಲಹಂಕ ದಾಟುವಷ್ಟರಲ್ಲಿ ಮುಗೀತು. ಆರ್ಟುರಾದ ಬ್ಯಾಟರಿ 7.4, ಓಟ 30 ಕಿಲೋಮೀಟರ್ ಆಸುಪಾಸು. ಲ್ಯಾಂಬೊರ್ಗಿನಿ ರೆವುಎಲ್ಟೊದ್ದು ಬರೀ 3.8, ಹತ್ತು ಕಿಲೋಮೀಟರ್ ಹೋದರೆ ಹೆಚ್ಚು. ಪೆಟ್ರೋಲ್ ಉಳಿಸುವ ಲೆಕ್ಕಕ್ಕೆ ಕೂತರೆ ನಿಮ್ಮ ಮನೆಯವರೇ ಗೆದ್ದರು. ನಾವಿಬ್ಬರೂ ಸುಮ್ಮನಾಗಬೇಕು.

ಹಾಗಾದರೆ ಆ ಮೋಟರ್ ಯಾಕೆ ಇಟ್ಟರು? ಅರ್ಧ ಉತ್ತರ ಯುರೋಪಿನ ಹೊಗೆ ಕಾನೂನಿನಲ್ಲಿದೆ. ಅಲ್ಲಿ ಪ್ರತಿ ಕಂಪನಿಯೂ ತನ್ನ ಕಾರುಗಳ ಕಾರ್ಬನ್ ಲೆಕ್ಕ ಒಪ್ಪಿಸಬೇಕು. ದೊಡ್ಡ ಎಂಜಿನ್ ಇಟ್ಟುಕೊಂಡರೆ ಆ ಲೆಕ್ಕ ಕೂಡುವುದಿಲ್ಲ. 296ಕ್ಕೆ ಮುಂಚೆ ಇದ್ದ ಎಫ್8 ಟ್ರಿಬ್ಯೂಟೊದಲ್ಲಿ 3.9 ಲೀಟರಿನ ವಿ8, ಅಂದರೆ ‘ವಿ’ ಆಕಾರದಲ್ಲಿ ಎಂಟು ಸಿಲಿಂಡರ್ ಜೋಡಿಸಿದ ಎಂಜಿನ್ ಇತ್ತು. 2021ರಲ್ಲಿ 296 ಬಂದಾಗ ಅದು 3 ಲೀಟರಿಗೆ ಒಂದಿಷ್ಟು ಕಡಿಮೆ ಇರುವ ವಿ6 ಆಯಿತು. ಹೆಸರಿನಲ್ಲೇ ಇದೆ ನೋಡಿ, 2.9 ಲೀಟರ್, 6 ಸಿಲಿಂಡರ್. ಎಂಜಿನ್ ಒಂದೇ 663 ಹಾರ್ಸ್‌ಪವರ್ ಕೊಡುತ್ತದೆ, ಮೋಟರ್ 167. ಒಟ್ಟು 830. ಲ್ಯಾಂಬೊರ್ಗಿನಿಯವರು ಇನ್ನೊಂದು ದಾರಿ ಹಿಡಿದರು. ರೆವುಎಲ್ಟೊದಲ್ಲಿ 6.5 ಲೀಟರಿನ ವಿ12 ಉಳಿಸಿಕೊಂಡು, ಅದಕ್ಕೆ ಮೂರು ಮೋಟರ್ ಸೇರಿಸಿದರು. ಮೋಟರ್ ಇದ್ದುದರಿಂದಲೇ ಆ ವಿ12 ಇವತ್ತಿಗೂ ಬದುಕಿದೆ. ನಿಮ್ಮ ಗೆಳೆಯರು ‘ಮಿಕ್ಸಿ’ ಅಂತ ಬೈಯುವ ಮುಂಚೆ ಇದನ್ನೊಂದು ಸಲ ನೆನಪು ಮಾಡಿ.

ಉಳಿದ ಅರ್ಧ ಉತ್ತರ ನಿಮ್ಮ ಬಲಗಾಲಿಗೆ ಸಂಬಂಧಪಟ್ಟಿದ್ದು. ಅದೇ ಮುಖ್ಯ.

ಚಾರ್ಮಾಡಿ ಘಾಟಿಯ ಒಂದು ಹೇರ್‌ಪಿನ್ ತಿರುವು ನೆನಪಿಸಿಕೊಳ್ಳಿ. ಎರಡನೇ ಗೇರಿಗೆ ಇಳಿಸಿದ್ದೀರಿ. ಸ್ಟೀರಿಂಗ್ ಪೂರ್ತಿ ತಿರುಗಿದೆ. ಮುಂದಿನ ನೇರ ರಸ್ತೆ ಕಂಡ ಕೂಡಲೇ ಆಕ್ಸಿಲರೇಟರ್ ಒತ್ತುತ್ತೀರಿ. ನಿಮ್ಮ ಕೇಮನ್ ಟರ್ಬೊ ಇಲ್ಲದ್ದಾದರೆ ಒತ್ತಿದಷ್ಟು ತಕ್ಷಣ ಎಳೆಯುತ್ತದೆ. ದೊಡ್ಡ ಟರ್ಬೊ ಇರುವ ಕಾರಿನಲ್ಲಿ ಹಾಗಲ್ಲ. ಹೊಗೆ ಜೋರಾಗಿ ಹೋಗಿ, ಟರ್ಬೊದ ಚಕ್ರ ತಿರುಗಿ, ಎಂಜಿನ್ನಿಗೆ ಗಾಳಿ ತುಂಬಿ, ಆಮೇಲೆ ಎಳೆತ. ಅರ್ಧ ಸೆಕೆಂಡಿನ ವಿಷಯ. ಆದರೆ ಆ ಅರ್ಧ ಸೆಕೆಂಡಿನಲ್ಲಿ ನೀವು ‘ಇನ್ನೊಂಚೂರು ಬೇಕು’ ಅಂತ ಇನ್ನೂ ಒತ್ತಿರುತ್ತೀರಿ. ಆಮೇಲೆ ಒಂದೇ ಸಲ ಬಂದು ಬೆನ್ನಿಗೆ ಗುದ್ದುತ್ತದೆ. ತಿರುವಿನ ಮಧ್ಯೆ ಇದು ಒಳ್ಳೆಯ ಸಮಾಚಾರ ಅಲ್ಲ.

ಎಲೆಕ್ಟ್ರಿಕ್ ಮೋಟರ್ ಕೆಲಸ ಮಾಡುವುದು ಆ ಅರ್ಧ ಸೆಕೆಂಡಿನಲ್ಲಿ. ಎತ್ತಿನ ಗಾಡಿ ಏರು ಹತ್ತುವಾಗ ಹಿಂದಿನಿಂದ ಒಬ್ಬ ಭುಜ ಕೊಟ್ಟ ಹಾಗೆ. ಎತ್ತು ಕಾಲೂರುವವರೆಗೆ ಅವನು ತಳ್ಳುತ್ತಾನೆ, ಆಮೇಲೆ ಬಿಟ್ಟುಬಿಡುತ್ತಾನೆ. ಚೆನ್ನಾಗಿ ಹೊಂದಿಸಿದ ಹೈಬ್ರಿಡ್ ಕಾರಿನಲ್ಲಿ ಮೋಟರ್ ಯಾವಾಗ ಬಂತು, ಟರ್ಬೊ ಯಾವಾಗ ವಹಿಸಿಕೊಂಡಿತು ಅಂತ ಗೊತ್ತೇ ಆಗುವುದಿಲ್ಲ. ಟರ್ಬೊ ಇಲ್ಲದ ದೊಡ್ಡ ಎಂಜಿನ್ ಇದೆಯೇನೋ ಅನ್ನಿಸುತ್ತದೆ. ನಾನು 296 ಓಡಿಸಿದ್ದು ಟ್ರ್ಯಾಕಿನಲ್ಲಿ, ಒಂದೇ ದಿನ. ಮೂರನೇ ಸುತ್ತಿನ ಹೊತ್ತಿಗೆ ಬ್ಯಾಟರಿ ಇದೆ ಅನ್ನುವುದೇ ಮರೆತುಹೋಗಿತ್ತು. ಎಂಜಿನ್ 8,500 ಆರ್‌ಪಿಎಂವರೆಗೂ (ನಿಮಿಷಕ್ಕೆ ಅಷ್ಟು ಸುತ್ತು) ಹೋಗುತ್ತದೆ. ವಿ6ನ ಎರಡು ಸಾಲುಗಳ ನಡುವೆ 120 ಡಿಗ್ರಿ ಕೋನ ಇಟ್ಟಿರುವುದರಿಂದ ಸದ್ದಿಗೆ ಒಂದು ಸಮ ಇದೆ. ಫೆರಾರಿಯ ಎಂಜಿನಿಯರುಗಳು ಇದನ್ನು ‘ಪುಟ್ಟ ವಿ12’ ಅಂತ ಕರೆದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಮೊದಲು ನಕ್ಕಿದ್ದೆ. ಮೇಲಿನ ಆರ್‌ಪಿಎಂನಲ್ಲಿ ಕೇಳಿದ ಮೇಲೆ ನಗು ನಿಂತಿತು.

ಅಂದರೆ ಗೆಳೆಯರ ‘ಮಿಕ್ಸಿ’ ಮಾತಿನಲ್ಲಿ ಅರ್ಥವಿಲ್ಲ. ಆದರೆ ಅವರು ಹೇಳದೆ ಬಿಟ್ಟ ಒಂದು ವಿಷಯ ಇದೆ. ತೂಕ.

ಎಫ್8 ಟ್ರಿಬ್ಯೂಟೊ, ಎಣ್ಣೆ-ನೀರು ತುಂಬಿಸದೆ, 1,330 ಕೆ.ಜಿ. 296 ಜಿಟಿಬಿ ಅದೇ ಲೆಕ್ಕದಲ್ಲಿ 1,470. ಹಿಂದೆ ಇಬ್ಬರು ದಷ್ಟಪುಷ್ಟ ಜನರನ್ನು ಕೂರಿಸಿಕೊಂಡ ಹಾಗೆ, ಇಳಿಸಲಾಗದಂತೆ. ಹಾರ್ಸ್‌ಪವರ್ 720ರಿಂದ 830ಕ್ಕೆ ಏರಿತು. 0ಯಿಂದ 100ಕ್ಕೆ ಎಷ್ಟು ಹೊತ್ತು? ಎರಡಕ್ಕೂ 2.9 ಸೆಕೆಂಡ್! 110 ಹಾರ್ಸ್‌ಪವರ್ ಎಲ್ಲಿ ಹೋಯಿತು ಅಂತ ಕೇಳಬಹುದು. ಟಯರಿನ ಹಿಡಿತಕ್ಕೂ ಒಂದು ಮಿತಿ ಇದೆ, ಒಂದಿಷ್ಟು ತೂಕ ತಿಂದಿತು. ವ್ಯತ್ಯಾಸ ಕಾಣುವುದು ಅದರಾಚೆ. 0ಯಿಂದ 200ಕ್ಕೆ ಎಫ್8ಗೆ 7.8 ಸೆಕೆಂಡ್, 296ಕ್ಕೆ 7.3. ಫೆರಾರಿಯವರ ಫಿಯೊರಾನೊ ಟ್ರ್ಯಾಕಿನಲ್ಲಿ ಒಂದು ಸುತ್ತಿಗೆ ಒಂದೂವರೆ ಸೆಕೆಂಡ್ ಉಳಿತಾಯ. ಈಗ ನೀವೇ ಹೇಳಿ, ಹಾಸನದ ರಸ್ತೆಯಲ್ಲಿ ನೀವು 200 ಮುಟ್ಟುವುದು ಯಾವಾಗ? ಮುಟ್ಟಲೂಬಾರದು. 2024ರ ಆಗಸ್ಟಿನಿಂದ ಕರ್ನಾಟಕದಲ್ಲಿ ಗಂಟೆಗೆ 130 ದಾಟಿದರೆ ಎಫ್‌ಐಆರ್. ಮೈಸೂರು ಹೆದ್ದಾರಿಯ ಮಿತಿ 100. ಈ ಕಾರಿಗೆ ಅದು ಮೂರು ಸೆಕೆಂಡಿನ ಕೆಲಸ.

ತೂಕದ ಕಥೆ ಇನ್ನೂ ಮುಂದಿದೆ. ರೆವುಎಲ್ಟೊ 1,772 ಕೆ.ಜಿ. ಲ್ಯಾಂಬೊರ್ಗಿನಿಯವರದೇ ಹುರಕಾನ್ ಜಾಗಕ್ಕೆ ಬಂದ ಟೆಮೆರಾರಿಯೊ 1,690. ಹುರಕಾನ್ ಎವೊ 1,422 ಇತ್ತು. ಪವರ್ ಏನೋ 640ರಿಂದ 920ಕ್ಕೆ ಹೋಯಿತು, ಎಂಜಿನ್ 10,000 ಆರ್‌ಪಿಎಂವರೆಗೆ ಕೂಗುತ್ತದೆ, ಒಪ್ಪೋಣ. ಆದರೆ ತೂಕ ಅನ್ನುವುದು ಬ್ರೇಕ್ ಹಾಕುವಾಗ, ಕಾರು ತಿರುಗಿಸುವಾಗ, ಟಯರ್ ಸವೆಯುವಾಗ ಒಂದೊಂದಾಗಿ ಬಂದು ಬಾಕಿ ಕೇಳುತ್ತದೆ. ಎಂಜಿನಿಯರುಗಳು ಅದನ್ನು ಮುಚ್ಚಿಡುವುದರಲ್ಲಿ ನಿಸ್ಸೀಮರು. 296ರ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಎಫ್8ಗಿಂತ 50 ಮಿಲಿಮೀಟರ್ ಕಡಿಮೆ ಮಾಡಿದರು, ಬ್ಯಾಟರಿಯನ್ನು ಸೀಟಿನ ಹಿಂದೆ ತೀರಾ ಕೆಳಗೆ ಇಟ್ಟರು. ಅದಕ್ಕೇ ಅದು ತಿರುವಿನಲ್ಲಿ ಹಗುರ ಕಾರಿನ ಹಾಗೆ ನಟಿಸುತ್ತದೆ. ನಟನೆ ಅಂತ ಬೇಕಂತಲೇ ಹೇಳುತ್ತಿದ್ದೇನೆ. ಜೋರಾಗಿ ಬ್ರೇಕ್ ಹಾಕಿದಾಗ ಸತ್ಯ ಗೊತ್ತಾಗುತ್ತದೆ.

ಬ್ರೇಕ್ ಅಂದೆ ನೋಡಿ, ನಿಮ್ಮಂಥವರು ಹೈಬ್ರಿಡ್ ಕಾರಿನಲ್ಲಿ ಮೊದಲು ಪರೀಕ್ಷೆ ಮಾಡಬೇಕಾದ್ದು ಅದನ್ನೇ. ಶೋರೂಮಿನಲ್ಲಿ ಎಲ್ಲರೂ ಎಂಜಿನ್ ಸ್ಟಾರ್ಟ್ ಮಾಡಿಸಿ ಸದ್ದು ಕೇಳುತ್ತಾರೆ. ನೀವು ಪೆಡಲ್ ನೋಡಿ. ಸಾಮಾನ್ಯವಾಗಿ ಹೈಬ್ರಿಡ್ ಕಾರುಗಳಲ್ಲಿ ಬ್ರೇಕ್ ಒತ್ತಿದಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಮೋಟರ್ ಉಲ್ಟಾ ಕೆಲಸ ಮಾಡಿ ಬ್ಯಾಟರಿಗೆ ಕರೆಂಟ್ ತುಂಬಿಸುತ್ತದೆ, ಸಾಲದಿದ್ದರೆ ಡಿಸ್ಕ್ ಹಿಡಿಯುತ್ತದೆ. ಎರಡರ ನಡುವೆ ಎಷ್ಟೆಷ್ಟು ಅನ್ನುವುದನ್ನು ಕಂಪ್ಯೂಟರ್ ತೀರ್ಮಾನ ಮಾಡುತ್ತದೆ. ನಿಮ್ಮ ಕಾಲಿಗೂ ಡಿಸ್ಕಿಗೂ ನೇರ ಸಂಬಂಧ ಇಲ್ಲ. ಫೆರಾರಿ ಇದನ್ನು ಬಹಳ ಚೆನ್ನಾಗಿ ಮಾಡಿದೆ. ಪೆಡಲ್ ಗಟ್ಟಿ, ಹೆಚ್ಚು ಕೆಳಗೆ ಹೋಗುವುದಿಲ್ಲ, ಟ್ರ್ಯಾಕಿನಲ್ಲಿ ಎಷ್ಟು ತಡವಾಗಿ ಒತ್ತಿದರೂ ಹೆದರಿಸುವುದಿಲ್ಲ. ಆದರೂ ಅದು ಕಂಪ್ಯೂಟರ್ ತಯಾರಿಸಿ ಬಡಿಸಿದ ಅನುಭವ. ಟಯರ್ ಜಾರುವ ಮುಂಚೆ ಕೇಮನ್ ಪೆಡಲ್ ಪಾದಕ್ಕೆ ಕೊಡುವ ಆ ಸಣ್ಣ ನಡುಕ ಇಲ್ಲಿ ಸಿಗಲಿಲ್ಲ.

ಆರ್ಟುರಾ ನನಗೆ ಇಷ್ಟವಾಗುವುದು ಇಲ್ಲೇ. ಮೆಕ್‌ಲಾರೆನ್‌ನವರು ಬ್ರೇಕಿನಿಂದ ಕರೆಂಟ್ ವಾಪಸ್ ಪಡೆಯುವ ವ್ಯವಸ್ಥೆಯನ್ನೇ ಬಿಟ್ಟುಬಿಟ್ಟರು. ಪೆಡಲಿನ ಅನುಭವ ಕೆಡಬಾರದು ಅಂತ. ಬ್ಯಾಟರಿ ತುಂಬಬೇಕಾದರೆ ಪ್ಲಗ್ ಹಾಕಿ, ಇಲ್ಲವೇ ಎಂಜಿನ್ ತುಂಬಿಸುತ್ತದೆ. ಹೈಬ್ರಿಡ್ ಕಾರು ಮಾಡಿ ಪುಕ್ಕಟೆ ಸಿಗುವ ಕರೆಂಟ್ ಬೇಡ ಅನ್ನುವುದು ಸ್ವಲ್ಪ ಹುಚ್ಚೇ, ಆದರೆ ಓಡಿಸುವವನ ಪರವಾದ ಹುಚ್ಚು. ಸ್ಟೀರಿಂಗಿಗೂ ಬೇರೆಯವರೆಲ್ಲ ಎಲೆಕ್ಟ್ರಿಕ್ ಸಹಾಯಕ್ಕೆ ಹೋದ ಕಾಲದಲ್ಲಿ ಇವರು ಹೈಡ್ರಾಲಿಕ್ ಇಟ್ಟುಕೊಂಡರು. ರಸ್ತೆಯ ತರಿ ಕೈಗೆ ಬರುತ್ತದೆ. ತೂಕವೂ ಕಡಿಮೆ, ಪೆಟ್ರೋಲ್ ಎಲ್ಲ ತುಂಬಿ 1,498 ಕೆ.ಜಿ., ಅದರಲ್ಲಿ ಹೈಬ್ರಿಡ್ ಸಾಮಾನೆಲ್ಲ ಸೇರಿ 130. ಪವರ್ 680, 2024ರ ಬದಲಾವಣೆಯ ನಂತರ 700. ಇನ್ನೊಂದು ತಮಾಷೆ, ಅದರ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಗೇರೇ ಇಲ್ಲ. ಮೋಟರನ್ನು ಉಲ್ಟಾ ತಿರುಗಿಸಿ ಹಿಂದೆ ಹೋಗುತ್ತದೆ. ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗಿನಲ್ಲಿ 680 ಹಾರ್ಸ್‌ಪವರ್ ಕಾರು ಸದ್ದಿಲ್ಲದೆ ಹಿಂದೆ ಸರಿಯುವುದನ್ನು ವಾಚ್‌ಮನ್ ಬಾಯಿ ಬಿಟ್ಟು ನೋಡುತ್ತಾನೆ.

ಆ ಸದ್ದಿಲ್ಲದ ಬೆಳಗಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನೀವು ಐದು ಗಂಟೆಗೆ ಹೊರಡುವವರು. ಕೇಮನ್ ಸ್ಟಾರ್ಟ್ ಮಾಡಿದಾಗ ಮೇಲಿನ ಮನೆಯ ಮಗು ಎದ್ದ ದೂರು ನಿಮಗೂ ಬಂದಿರಬೇಕು, ನನಗಂತೂ ಬಂದಿದೆ. ಹೈಬ್ರಿಡ್ ಕಾರಿನಲ್ಲಿ ಬೇಸ್‌ಮೆಂಟಿನ ರ‍್ಯಾಂಪ್ ಹತ್ತಿ, ಗೇಟ್ ದಾಟಿ, ಮುಖ್ಯ ರಸ್ತೆವರೆಗೆ ಟಯರಿನ ಕೆಳಗೆ ಮರಳು ನುರಿಯುವ ಸದ್ದು ಮಾತ್ರ. ಆಮೇಲೆ ಮೋಡ್ ಬದಲಿಸಿದರೆ ಎಂಜಿನ್ ಕೆಮ್ಮಿ ಎದ್ದೇಳುತ್ತದೆ. ನಾನು ಇದನ್ನು ಗಿಮಿಕ್ ಅಂದುಕೊಂಡಿದ್ದೆ. ಈಗ ಈ ಕಾರುಗಳ ಅತಿ ಒಳ್ಳೆಯ ಗುಣಗಳಲ್ಲಿ ಅದೂ ಒಂದು ಅನ್ನಿಸಿದೆ. ಗೊರಗುಂಟೆಪಾಳ್ಯದ ಜಾಮಿನಲ್ಲಿ ನಿಂತಾಗಲೂ ಎಂಜಿನ್ ಬಿಸಿಯಾಗದೆ ತೆವಳಬಹುದು. ಸೂಪರ್‌ಕಾರ್ ಇಟ್ಟವರಿಗೆ ಅದರ ಬೆಲೆ ಗೊತ್ತು.

ಇನ್ನು ದುಡ್ಡು. 296 ಜಿಟಿಬಿ 2022ರಲ್ಲಿ ಇಲ್ಲಿಗೆ ಬಂದಾಗ ಎಕ್ಸ್ ಶೋರೂಮ್ 5.40 ಕೋಟಿ. ಆರ್ಟುರಾ 2023ರಲ್ಲಿ 5.1 ಕೋಟಿ. ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಸೆಸ್ ಸೇರಿ ಶೇ. 20ರ ಹತ್ತಿರ. ಹೈಬ್ರಿಡ್ ಅಂತ ರಿಯಾಯಿತಿ ಇಲ್ಲ, ಹಸಿರು ನಂಬರ್ ಪ್ಲೇಟೂ ಸಿಗುವುದಿಲ್ಲ. 5.40ರ ಮೇಲೆ ಒಂದು ಕೋಟಿ ಚಿಲ್ಲರೆ ಅಲ್ಲೇ ಹೋಯಿತು. ಇನ್ಶೂರೆನ್ಸ್, ಆಪ್ಷನ್‌ಗಳು ಸೇರಿದರೆ ಏಳು ಕೋಟಿ ಆರಾಮಾಗಿ ದಾಟುತ್ತದೆ. ಅಗ್ಗದ ರಾಜ್ಯದಲ್ಲಿ ನೋಂದಣಿ ಮಾಡಿಸಿ ಇಲ್ಲಿ ಓಡಿಸೋಣ ಅಂತ ಯಾರಾದರೂ ಕಿವಿಯಲ್ಲಿ ಊದಿದ್ದರೆ ಆ ಆಸೆ ಬಿಡಿ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನೋಂದಣಿಯ ಕೆಂಪು ಎಸ್‌ಎಫ್90, ಅದೂ ಹೈಬ್ರಿಡ್ ಫೆರಾರಿಯೇ, ಆರ್‌ಟಿಒ ಕಣ್ಣಿಗೆ ಬಿತ್ತು. ಮಾಲೀಕರು ಸುಮಾರು 1.42 ಕೋಟಿ ತೆರಿಗೆ ಕಟ್ಟಿದರು. ಪೇಪರಿನಲ್ಲೆಲ್ಲ ಬಂದಿತ್ತು.

ನಿಮ್ಮ ಮನೆಯವರು ಕೇಳಬಹುದಾದ ಮುಂದಿನ ಪ್ರಶ್ನೆಗೂ ಲೆಕ್ಕ ಹಾಕಿಟ್ಟಿದ್ದೇನೆ. ಏಳು ಕೋಟಿಯನ್ನು ಶೇ. 6.5ರ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ 45 ಲಕ್ಷ ಬಡ್ಡಿ. ನೀವು ವರ್ಷಕ್ಕೆ 3,000 ಕಿಲೋಮೀಟರ್ ಓಡಿಸುತ್ತೀರಿ ಅಂದುಕೊಳ್ಳೋಣ. ಬಡ್ಡಿ ನಷ್ಟವೇ ಕಿಲೋಮೀಟರಿಗೆ 1,500 ರೂಪಾಯಿ. ಸಕಲೇಶಪುರಕ್ಕೆ ಹೋಗಿ ಬಂದರೆ ಆರೂವರೆ ಲಕ್ಷದ ಮೇಲೆ, ಪೆಟ್ರೋಲ್ ಬೇರೆ. ಹುಚ್ಚಿಗೆ ಲೆಕ್ಕ ಇಲ್ಲ ನಿಜ, ಆದರೆ ಹುಚ್ಚಿನ ಅಳತೆ ಗೊತ್ತಿರಲಿ.

ಬೆಲೆ ಇಳಿಯುವ ವಿಷಯದಲ್ಲಿ ಹೈಬ್ರಿಡ್‌ಗಳು ಎರಡು ಗುಂಪು. 2013ರ ಸುಮಾರಿಗೆ ಬಂದ ಪೋರ್ಷೆ 918, ಮೆಕ್‌ಲಾರೆನ್ ಪಿ1, ಲಾಫೆರಾರಿ ಒಂದು ಗುಂಪು. ಮಾಡಿದ್ದೇ ಕೆಲವು ನೂರು. 918 ಹೆಸರಿನಷ್ಟೇ, 918 ಕಾರು. ಇವತ್ತು ಅವುಗಳ ಬೆಲೆ ಹೊಸದಾಗಿದ್ದಾಗಿನ ಬೆಲೆಗಿಂತ ಎಷ್ಟೋ ಜಾಸ್ತಿ. ಇನ್ನೊಂದು ಗುಂಪಿಗೆ ಉದಾಹರಣೆ ಬಿಎಂಡಬ್ಲ್ಯು ಐ8. 2015ರಲ್ಲಿ ಇಲ್ಲಿ 2.29 ಕೋಟಿಗೆ ಬಂತು. ಜಗತ್ತಿನಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲೆ ಮಾರಾಟವಾಯಿತು. ಈಗ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿನಲ್ಲಿ ಬೆಲೆ ತೀರಾ ಇಳಿದಿದೆ. ಹತ್ತು ವರ್ಷದ ಬ್ಯಾಟರಿ ಅಂದ ಕೂಡಲೇ ಕೊಳ್ಳುವವನು ಒಂದು ಹೆಜ್ಜೆ ಹಿಂದೆ ಇಡುತ್ತಾನೆ. 296 ಮತ್ತು ಆರ್ಟುರಾ ಎರಡನೇ ಗುಂಪಿಗೆ ಹತ್ತಿರ. ಇಂಗ್ಲೆಂಡ್, ಅಮೆರಿಕದಲ್ಲಿ ಆರ್ಟುರಾ ಬೆಲೆ ಜೋರಾಗಿಯೇ ಇಳಿದಿದೆ. ಮೊದಮೊದಲು ಬಂದ ಕಾರುಗಳ ಸಾಫ್ಟ್‌ವೇರ್ ತೊಂದರೆ, ಪೆಟ್ರೋಲ್ ಪೈಪ್ ಸರಿಪಡಿಸಲು ಕಂಪನಿಯೇ ಕಾರು ವಾಪಸ್ ಕರೆಸಿದ್ದು (ರೀಕಾಲ್) ಅದಕ್ಕೆ ಒಂದು ಕಾರಣ. ಹೊಸದು ಕೊಳ್ಳುವವನಿಗೆ ಇದು ಕೆಟ್ಟ ಸುದ್ದಿ. ಹಳೆಯದು ಹುಡುಕುವವನಿಗೆ ಹಬ್ಬ.

ಆಮದು ಸುಂಕದ ಮೇಲೂ ಒಂದು ಕಣ್ಣಿರಲಿ. ಇಷ್ಟು ವರ್ಷ ಇಂಥ ಕಾರಿಗೆ ಶೇ. 100ಕ್ಕೂ ಮೇಲೆ ಸುಂಕ ಇತ್ತು. 2025ರ ಜುಲೈನಲ್ಲಿ ಬ್ರಿಟನ್ ಜೊತೆ (ಮೆಕ್‌ಲಾರೆನ್ ಬರುವುದು ಅಲ್ಲಿಂದಲೇ) ಸಹಿಯಾದ ಒಪ್ಪಂದದಲ್ಲಿ ಕೋಟಾ ಲೆಕ್ಕದಲ್ಲಿ ಅದನ್ನು ಇಳಿಸುವ ಮಾತಿದೆ. ಹೊಸ ಕಾರಿನ ಬೆಲೆ ಇಳಿದರೆ ನೀವು ಇವತ್ತು ಹಳೇ ಸುಂಕ ಕೊಟ್ಟು ತಂದ ಕಾರಿನ ಬೆಲೆಯೂ ಕೆಳಗೆ ಬರುತ್ತದೆ.

ಬ್ಯಾಟರಿಯ ಆಯುಸ್ಸು? ಫೆರಾರಿಯೇ 2024ರಲ್ಲಿ ಒಂದು ಯೋಜನೆ ತಂದಿತು. ವರ್ಷವರ್ಷ ಹಣ ಕಟ್ಟಿದರೆ 8ನೇ ವರ್ಷಕ್ಕೆ ಒಮ್ಮೆ, 16ನೇ ವರ್ಷಕ್ಕೆ ಒಮ್ಮೆ ಹೊಸ ಬ್ಯಾಟರಿ ಹಾಕಿಕೊಡುತ್ತಾರೆ. ಅಂದರೆ ಬ್ಯಾಟರಿ ಮುಪ್ಪಾಗುತ್ತದೆ ಅನ್ನುವುದನ್ನು ಕಂಪನಿಯೇ ಒಪ್ಪಿಕೊಂಡು ಪರಿಹಾರ ಇಟ್ಟಿದೆ. ನನಗೆ ಇದು ಧೈರ್ಯ ಕೊಡುವ ವಿಷಯ. ಡೀಲರ್ ಹತ್ತಿರ ಆ ಯೋಜನೆ ಇಲ್ಲಿನ ಕಾರಿಗೂ ಇದೆಯಾ, ಎಷ್ಟು ಅಂತ ಬರಹದಲ್ಲಿ ತಗೊಳ್ಳಿ. ಬಾಯಿಮಾತು ಬೇಡ.

ಆದರೆ ನಮ್ಮಲ್ಲಿ ಈ ಕಾರುಗಳನ್ನು ಕೆಡಿಸುವುದು ಮುಪ್ಪಲ್ಲ, ನಿಲ್ಲಿಸಿಡುವುದು. ನನಗೆ ಗೊತ್ತಿರುವ ಒಬ್ಬರು ಹೈಬ್ರಿಡ್ ಸ್ಪೋರ್ಟ್ಸ್ ಕಾರನ್ನು ಮಳೆಗಾಲ ಮುಗಿಯಲಿ ಅಂತ ಎರಡೂವರೆ ತಿಂಗಳು ಬೇಸ್‌ಮೆಂಟಿನಲ್ಲಿ ಹೊದಿಕೆ ಹಾಕಿ ಇಟ್ಟರು. ಚಾರ್ಜರ್ ಚುಚ್ಚಿರಲಿಲ್ಲ. ದಸರಾ ಹೊತ್ತಿಗೆ ಹೊದಿಕೆ ತೆಗೆದರೆ ಬಾಗಿಲೇ ತೆರೆಯಲಿಲ್ಲ. 12 ವೋಲ್ಟಿನ ಚಿಕ್ಕ ಬ್ಯಾಟರಿ ಸತ್ತಿತ್ತು. ಅದನ್ನು ಹೇಗೋ ಎಬ್ಬಿಸಿದ ಮೇಲೆ ಪರದೆಯ ಮೇಲೆ ದೊಡ್ಡ ಬ್ಯಾಟರಿಯ ಎಚ್ಚರಿಕೆ. ಕಾರನ್ನು ಫ್ಲಾಟ್‌ಬೆಡ್ ಲಾರಿಗೆ ಹತ್ತಿಸಲು ರ‍್ಯಾಂಪಿನ ಇಳಿಜಾರು ಅಡ್ಡಿ, ಮೂತಿ ತಾಗುತ್ತದೆ. ನಾಲ್ಕು ಜನ ಹಲಗೆ ಇಟ್ಟು ಇಂಚಿಂಚು ಜರುಗಿಸಿದರು. ನಾನೂ ಒಂದು ಹಲಗೆ ಹಿಡಿದಿದ್ದೆ. ಹೈ ವೋಲ್ಟೇಜ್ ಕೆಲಸಕ್ಕೆ ತರಬೇತಿ ಪಡೆದ ಟೆಕ್ನಿಷಿಯನ್ ಬೇರೆ ಊರಿನಿಂದ ಬರಬೇಕಿತ್ತು. ಕಾರು ವಾಪಸ್ ಬಂದದ್ದು ದೀಪಾವಳಿ ಕಳೆದ ಮೇಲೆ. ನಿಮ್ಮ ಕೇಮನ್‌ಗೆ ಹೀಗಾಗಿದ್ದರೆ ಜಂಪ್ ಕೇಬಲ್ ಸಾಕಿತ್ತು, ಅಲ್ವಾ?

ಬೇಸ್‌ಮೆಂಟ್ ಅಂದಾಗ ನೀರಿನ ವಿಷಯವೂ ಇದೆ. 2022ರ ಸೆಪ್ಟೆಂಬರಿನಲ್ಲಿ ಯಮಲೂರು ಕಡೆ ಐಷಾರಾಮಿ ಕಾರುಗಳು ಬಾನೆಟ್‌ವರೆಗೆ ಮುಳುಗಿದ ಫೋಟೊ ನೀವೂ ನೋಡಿರುತ್ತೀರಿ. ಹೈ ವೋಲ್ಟೇಜ್ ಬ್ಯಾಟರಿ ಇರುವ ಕಾರು ನೀರಲ್ಲಿ ನಿಂತರೆ ಒಣಗಿಸಿ ಓಡಿಸುವ ಮಾತೇ ಇಲ್ಲ. ಪಾಲಿಸಿಯಲ್ಲಿ ಬ್ಯಾಟರಿ, ಮೋಟರ್ ಬಿಡಿಬಿಡಿಯಾಗಿ ಹೆಸರಿಸಿದ್ದಾರಾ ನೋಡಿ.

ಇಂಥ ಎಂಜಿನ್ನಿಗೆ ಬೇಕಾದ ಉತ್ತಮ ದರ್ಜೆಯ ಪೆಟ್ರೋಲ್ ದೊಡ್ಡ ಸಮಸ್ಯೆ ಅಲ್ಲ. ಬೆಂಗಳೂರಿನ ಕೆಲವು ಬಂಕುಗಳಲ್ಲಿ 100 ಆಕ್ಟೇನಿನ ಎಕ್ಸ್‌ಪಿ100 ಸಿಗುತ್ತದೆ. ಸಕಲೇಶಪುರದಲ್ಲಿ ಸಿಗುತ್ತೆ ಅಂತ ನಂಬಿಕೊಂಡು ಹೋಗಬೇಡಿ, ಇಲ್ಲೇ ಟ್ಯಾಂಕ್ ತುಂಬಿಸಿ.

ಈಗ ನನ್ನ ಅಭಿಪ್ರಾಯ. ಕೇಮನ್ ಮಾರಬೇಡಿ. ಇದು ನಿಮ್ಮ ಪ್ರಶ್ನೆಯಲ್ಲೇ ಇರಲಿಲ್ಲ, ಆದರೂ ಮೊದಲು ಇದನ್ನೇ ಹೇಳುತ್ತೇನೆ. ಈ ಯಾವ ಹೈಬ್ರಿಡ್ ಸೂಪರ್‌ಕಾರಿಗೂ ಕ್ಲಚ್ ಪೆಡಲ್ ಇಲ್ಲ. ಹತ್ತು ವರ್ಷ ನಿಮ್ಮ ಎಡಗಾಲು ಮಾಡಿದ ಕೆಲಸವನ್ನು ಕಂಪ್ಯೂಟರ್ ನಿಮಗಿಂತ ಬೇಗ, ನಿಮಗಿಂತ ಚೆನ್ನಾಗಿ ಮಾಡುತ್ತದೆ. ಆರು ತಿಂಗಳು ಕಳೆದ ಮೇಲೆ ನೀವು ಕಳೆದುಕೊಂಡದ್ದು ಅದನ್ನೇ ಅಂತ ಅನ್ನಿಸುತ್ತದೆ. ಕೇಮನ್ ಮಾರಿದರೆ ಬರುವ ದುಡ್ಡು 296ರ ಆಪ್ಷನ್ ಪಟ್ಟಿಗೇ ಸಾಲದು.

ಒಂದೇ ಕಾರು ಇಡಲು ಜಾಗ ಇರುವುದು, ಮಾರಲೇಬೇಕು ಅಂದರೆ ಹೈಬ್ರಿಡ್ ಬೇಡ. ಪೋರ್ಷೆ 911 ಜಿಟಿ3 ನೋಡಿ. ಟರ್ಬೊ ಇಲ್ಲದ 4 ಲೀಟರ್ ಎಂಜಿನ್, 510 ಹಾರ್ಸ್‌ಪವರ್, 9,000 ಆರ್‌ಪಿಎಂ, ಬೇಕಾದರೆ ಮ್ಯಾನುಯಲ್. 296ರ ಅರ್ಧ ದುಡ್ಡು ಉಳಿಯುತ್ತದೆ. ಹೈಬ್ರಿಡ್ ತಂತ್ರ ಬೇಕು, ತೂಕ ಬೇಡ ಅಂದರೆ 911 ಜಿಟಿಎಸ್ ಟಿ-ಹೈಬ್ರಿಡ್ ಇದೆ. ಅದರ ಬ್ಯಾಟರಿ ಬರೀ 27 ಕೆ.ಜಿ., 1.9 ಕಿಲೋವ್ಯಾಟ್ ಅವರ್. ಪ್ಲಗ್ಗೇ ಇಲ್ಲ. ಟರ್ಬೊದೊಳಗೇ ಪುಟ್ಟ ಮೋಟರ್ ಕೂರಿಸಿದ್ದಾರೆ, ಗೇರ್‌ಬಾಕ್ಸಿನಲ್ಲಿ ಇನ್ನೊಂದು. ಹಳೆಯ ಜಿಟಿಎಸ್‌ಗಿಂತ 50 ಕೆ.ಜಿ. ಮಾತ್ರ ಹೆಚ್ಚಾಗಿದೆ, ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ ಒಂದು ಸುತ್ತಿಗೆ 8.7 ಸೆಕೆಂಡ್ ಉಳಿದಿದೆ. ಹೈಬ್ರಿಡ್ ಅನ್ನುವುದನ್ನು ಎಷ್ಟು ಬೇಕೋ ಅಷ್ಟೇ ಬಳಸಿದ ಕಾರು ಅದು. ಇದರ ಉಲ್ಟಾ ಉದಾಹರಣೆ ಮರ್ಸಿಡಿಸ್‌ನ ಎಎಂಜಿ ಸಿ63. ವಿ8 ತೆಗೆದು ನಾಲ್ಕು ಸಿಲಿಂಡರ್, ಜೊತೆಗೆ ಬ್ಯಾಟರಿ. 680 ಹಾರ್ಸ್‌ಪವರ್, ತೂಕ ಎರಡು ಟನ್‌ಗೂ ಮೇಲೆ. ಅಂಕಿಗಳೆಲ್ಲ ಗೆದ್ದವು, ಅಭಿಮಾನಿಗಳು ಮುಖ ತಿರುಗಿಸಿದರು.

ಎರಡು ಕಾರು ಇಡಬಹುದು, ದುಡ್ಡಿನ ಚಿಂತೆ ಇಲ್ಲ ಅಂದರೆ ಹೈಬ್ರಿಡ್ ತಗೊಳ್ಳಿ, ಸಂತೋಷವಾಗಿ ತಗೊಳ್ಳಿ. ಹೊಸದು ಬೇಡ. ಕರ್ನಾಟಕದಲ್ಲೇ ನೋಂದಣಿಯಾದ, ಎರಡು ಮೂರು ವರ್ಷದ, ವಾರಂಟಿ ಉಳಿದಿರುವ ಕಾರು. ಲೈಫ್‌ಟೈಮ್ ಟ್ಯಾಕ್ಸ್ ಮೊದಲಿನವರು ಕಟ್ಟಿರುತ್ತಾರೆ, ಒಂದು ಕೋಟಿ ಅಲ್ಲೇ ಉಳಿಯಿತು. ಬ್ಯಾಟರಿಯ ಆರೋಗ್ಯದ ರಿಪೋರ್ಟ್ ಅಧಿಕೃತ ವರ್ಕ್‌ಶಾಪಿನಿಂದ ತೆಗೆಸಿ. ರೀಕಾಲ್ ಕೆಲಸಗಳು ಆಗಿವೆಯಾ, ಚಾರ್ಜಿಂಗ್ ಕೇಬಲ್ ಜೊತೆಗಿದೆಯಾ, ಮೂತಿ ಎತ್ತುವ ಲಿಫ್ಟ್ ಕೆಲಸ ಮಾಡುತ್ತದಾ ನೋಡಿ. ಲಿಫ್ಟ್ ಇಲ್ಲದ ಕಾರನ್ನು ಪುಕ್ಕಟೆ ಕೊಟ್ಟರೂ ಬೇಡ. ನಮ್ಮ ಊರಿನ ಹಂಪುಗಳಿಗೆ ಬ್ರ್ಯಾಂಡ್ ಭೇದ ಇಲ್ಲ.

ಎರಡರಲ್ಲಿ ಯಾವುದು? ಟ್ರ್ಯಾಕಿಗೆ ಜಾಸ್ತಿ ಹೋಗುವವರಾಗಿದ್ದರೆ 296 ಅನ್ನುತ್ತಿದ್ದೆ. 830 ಹಾರ್ಸ್‌ಪವರ್ ಉಸಿರಾಡಲು ಜಾಗ ಬೇಕು, ಚೆನ್ನೈನ 3.7 ಕಿಲೋಮೀಟರ್ ಟ್ರ್ಯಾಕಿನಲ್ಲೇ ಅದು ಸ್ವಲ್ಪ ಇಕ್ಕಟ್ಟು ಅನ್ನಿಸುತ್ತದೆ. ನೀವು ಹೋಗುವುದು ವರ್ಷಕ್ಕೆ ಎರಡು ಸಲ. ಉಳಿದ ಐವತ್ತು ಭಾನುವಾರ ರಸ್ತೆ. ರಸ್ತೆಗೆ, 60–90ರ ವೇಗಕ್ಕೆ, ಕೈಗೂ ಕಾಲಿಗೂ ಮಾತಾಡುವ ಕಾರು ಆರ್ಟುರಾ. ನನ್ನ ದುಡ್ಡಾಗಿದ್ದರೆ ಅದನ್ನೇ ತಗೊಳ್ಳುತ್ತಿದ್ದೆ. ಮೊದಲ ವರ್ಷದ ಕಾರಾದರೆ ನಂತರದ ಸಾಫ್ಟ್‌ವೇರ್, 700 ಹಾರ್ಸ್‌ಪವರಿನ ಅಪ್‌ಡೇಟ್ ಹಾಕಿದ್ದಾರಾ ಕೇಳಿ. ಹಳೇ ಮಾಲೀಕರಿಗೂ ಕಂಪನಿ ಅದನ್ನು ಉಚಿತವಾಗಿ ಕೊಟ್ಟಿತ್ತು.

ಕೊನೆಯದಾಗಿ, ಟೋಕನ್ ಅಡ್ವಾನ್ಸ್ ಕೊಡುವ ಮುಂಚೆ ನಿಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗೆ ಒಂದು ಪತ್ರ ಬರೆಯಿರಿ, ನಿಮ್ಮ ಪಾರ್ಕಿಂಗ್ ಜಾಗಕ್ಕೆ ಪ್ರತ್ಯೇಕ ಮೀಟರ್ ಹಾಕಿ ಚಾರ್ಜಿಂಗ್ ಪಾಯಿಂಟ್ ಎಳೆಯಲು ಒಪ್ಪಿಗೆ ಕೇಳಿ. ಫೆರಾರಿ, ಮೆಕ್‌ಲಾರೆನ್ ಎರಡೂ ಡೀಲರ್‌ಗಳಿಗಿಂತ ಆ ಕಮಿಟಿ ಉತ್ತರ ಕೊಡುವುದು ನಿಧಾನ.